ಮೂವತ್ತೊಂದು ಹೌದು

ನನ್ನ ದೊಡ್ಡಪ್ಪ ಪೊಲೀಸ್ ಠಾಣೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ. ಅಷ್ಟು ವರ್ಷದಲ್ಲಿ ಅಲ್ಲಿ ಒಬ್ಬರ ಮೈಮೇಲೂ ಕೈ ಮಾಡಲಿಲ್ಲ. ಹೊಡೆಯುವವರ ಪಕ್ಕ ಕುರ್ಚಿ ಹಾಕಿಕೊಂಡು ಬರೆದ, ಅಷ್ಟೇ. ಇದನ್ನು ಅವನು ಹೆಮ್ಮೆಯಿಂದಲೇ ಹೇಳುತ್ತಿದ್ದ. "ನನ್ನ ಕೈ ನೋಡು, ಕ್ಲೀನು," ಎಂದು ಎರಡೂ ಅಂಗೈ ಮಗುಚಿ ತೋರಿಸುತ್ತಿದ್ದ. ಬಲಗೈಯ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಒಂದು ಗಂಟು ಬೆಳೆದಿತ್ತು. ಆ ಗಂಟಿನ ಸುತ್ತಲಿನ ನೀಲಿ ಶಾಯಿ ಯಾವ ಸೋಪಿಗೂ ಬಿಡುತ್ತಿರಲಿಲ್ಲ.

ಠಾಣೆಯಲ್ಲಿ ಅವನು ರೈಟರು. ಹೇಳಿಕೆ ಬರೆದುಕೊಳ್ಳುವುದು ಅವನ ಕೆಲಸ. ಊರಿನವರು ಪೆನ್ನಪ್ಪ ಎನ್ನುತ್ತಿದ್ದರು. ಯಾರು ಏನು ಆಕ್ಷೇಪ ಎತ್ತಿದರೂ, "ನಾನು ಬರೀ ಪೆನ್ನು ಕಣಪ್ಪ, ಪೆನ್ನಿಗೆ ಬಾಯಿ ಎಲ್ಲಿ?" ಎಂದು ಕೈತೊಳೆದುಕೊಳ್ಳುತ್ತಿದ್ದುದರಿಂದ ಬಂದ ಹೆಸರು ಅದು. ಎದುರಿಗೆ ಕರೆದರೂ ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ನಾನು ಅವನ ತಮ್ಮನ ಮಗಳು. ನನಗೆ ಆರು ವರ್ಷವಿದ್ದಾಗ ಅಪ್ಪ ಅಮ್ಮ ಇಬ್ಬರೂ ಒಂದೇ ಜ್ವರದಲ್ಲಿ ಹೋದರು. ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮ ನನ್ನನ್ನು ತಂದು ಸಾಕಿದರು. ಈಗ ನಾನು ಆಸ್ಪತ್ರೆಯಲ್ಲಿ ಗಾಯ ಕಟ್ಟುವ ನರ್ಸು. ಬಾಯಿ ಜೋರು, ಮೂಗಿನ ತುದಿಯಲ್ಲೇ ಸಿಟ್ಟು ಎಂದು ವಾರ್ಡಿನಲ್ಲಿ ಹೆಸರು ಮಾಡಿದ್ದೇನೆ. ಸುಳ್ಳೇನಲ್ಲ.

ಪೆನ್ನು ಹೇಗೆ ಕೆಲಸ ಮಾಡುತ್ತಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಹೇಳಿಕೆ ಎಂದರೆ ಹಿಡಿದು ತಂದವನು ಹೇಳಿದ್ದನ್ನು ಬರೆದುಕೊಳ್ಳುವುದು ಎಂದು ನೀವು ತಿಳಿದಿರಬಹುದು. ನಮ್ಮ ಠಾಣೆಯಲ್ಲಿ ಅದು ತಲೆಕೆಳಗು. ಇನ್‌ಸ್ಪೆಕ್ಟರ್ ಬೆಳಿಗ್ಗೆ ಬಂದು, ನಡೆದದ್ದು ಹೀಗೆ ಎಂದು ನಾಲ್ಕು ಮಾತಿನಲ್ಲಿ ಹೇಳುತ್ತಿದ್ದರು. ಮಧ್ಯಾಹ್ನದೊಳಗೆ ದೊಡ್ಡಪ್ಪ ಅದನ್ನು ಇಪ್ಪತ್ತು ಮೂವತ್ತು ವಾಕ್ಯ ಮಾಡುತ್ತಿದ್ದ. ಒಂದೊಂದು ವಾಕ್ಯದಲ್ಲೂ 'ನಾನು' ಇರುತ್ತಿತ್ತು. ಊಟದ ಮೇಲೆ ಒಳಕೋಣೆಗೆ ಹೋಗಿ ಒಂದೊಂದಾಗಿ ಓದುತ್ತಿದ್ದ. ನೆಲದ ಮೇಲೆ ಬಿದ್ದಿದ್ದವನು 'ಹೌದು' ಅಂದರೆ ಅಂಚಿನಲ್ಲಿ ಒಂದು ಟಿಕ್ಕು. ಅನ್ನದಿದ್ದರೆ ದೊಡ್ಡಪ್ಪ ಪೆನ್ನು ಮೇಲೆತ್ತಿ ಕಾಯುತ್ತಿದ್ದ. ಮುಂದಿನದು ಉದ್ದ ಕಾನ್‌ಸ್ಟೇಬಲ್‌ನ ಕೆಲಸ.

ಉದ್ದ ಕಾನ್‌ಸ್ಟೇಬಲ್ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುವಷ್ಟು ಎತ್ತರದ ಆಳು. ಹಿಟ್ಟಿನ ಗಿರಣಿಯ ಹಳೇ ಬೆಲ್ಟಿನ ಮೊಳದುದ್ದದ ತುಂಡು ಅವನ ಹತ್ಯಾರು. ಅದು ಮೂಳೆ ಮುರಿಯುವುದಿಲ್ಲ, ಚರ್ಮ ಸೀಳುವುದಿಲ್ಲ. ಒಳಗಿನ ಮಾಂಸವನ್ನು ಬೇಯಿಸಿದ ಹಾಗೆ ಮಾಡುತ್ತದೆ. ಅಂಗಾಲಿಗೆ ಹತ್ತು ಹಾಕಿದರೆ ಮನುಷ್ಯ ಉಚ್ಚೆ ಮಾಡಿಕೊಳ್ಳುತ್ತಾನೆ, ಇಪ್ಪತ್ತಕ್ಕೆ ಹೆತ್ತ ತಾಯಿಯನ್ನು ಬೇಕಾದರೂ ಕಳ್ಳಿ ಅನ್ನುತ್ತಾನೆ. ಶಾಲೆಯಿಂದ ಬರುತ್ತಾ ದೊಡ್ಡಪ್ಪನ ಖಾಲಿ ಡಬ್ಬಿ ತರಲು ಠಾಣೆಗೆ ಹೋಗುತ್ತಿದ್ದ ನಾನು ಇದನ್ನೆಲ್ಲ ಗೋಡೆಯಾಚೆಯಿಂದ ಕೇಳುತ್ತಾ ಬೆಳೆದವಳು. ಮೊದಲು ಓದುವ ದನಿ, ಆಮೇಲೆ ನಿಶ್ಶಬ್ದ, ಆಮೇಲೆ ಬೆಲ್ಟಿನ ಸದ್ದು, ಆಮೇಲೆ 'ಹೌದು'. ಕೊನೆಗೆ ದೊಡ್ಡಪ್ಪ ಶಾಯಿ ಆರಲೆಂದು ಹಾಳೆ ಊದಿಕೊಂಡು ಹೊರಗೆ ಬಂದು, "ಡಬ್ಬಿ ಮೇಜಿನ ಕೆಳಗಿದೆ ಪುಟ್ಟಿ," ಅನ್ನುತ್ತಿದ್ದ.

ಇದೇ ಮನುಷ್ಯ ಭಾನುವಾರ ಚರ್ಚಿನಲ್ಲಿ ಸಭೆಯ ಹಿರಿಯ. ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಸತ್ಯವೇದದ ಪಾಠ ಹೇಳುತ್ತಿದ್ದ. ಅವನಿಗೆ ಪ್ರಿಯವಾದ ಪಾಠ ಒಂದೇ: ಈ ಪುಸ್ತಕ ದೈವಪ್ರೇರಿತ, ಇದು ದೇವರ ಉಸಿರು. ಅದನ್ನು ಅವನು ತನ್ನ ಕಸುಬಿನ ಭಾಷೆಯಲ್ಲೇ ವಿವರಿಸುತ್ತಿದ್ದ. "ದೇವರು ಹೇಳ್ದ, ಪ್ರವಾದಿಗಳು ಶಿಷ್ಯರು ಬರೆದ್ರು. ಒಂದು ಪದಾನೂ ಅವರದಲ್ಲ. ಬರೆದೋನು ಯಾರಾದ್ರೇನು? ಪೆನ್ನಿಗೆ ಬಾಯಿ ಎಲ್ಲಿ?" ಎನ್ನುವನು. ಹತ್ತಿಪ್ಪತ್ತು ಜನ ತಲೆಯಾಡಿಸುವರು. ಠಾಣೆಯ ರೈಟರಿಗೆ ಅಡ್ಡ ಮಾತಾಡಲು ಯಾರಿಗೆ ಧೈರ್ಯ?

ಪಾದ್ರಿಗಳಿಗೆ ಇತ್ತು. ಅರ್ಧ ಕಣ್ಣು ಮಂಜಾಗಿದ್ದ ಮುದುಕರು ಅವರು, ಕೋಲೂರಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ನನಗೆ ಹದಿಮೂರು ವರ್ಷವಿದ್ದಾಗ ಒಂದು ಭಾನುವಾರ ಅವರು ಅಲ್ಲಿಂದಲೇ ಕೆಮ್ಮಿದರು.

"ಹಿರಿಯರೇ, ಪೆನ್ನೇ ಬೇಕಾಗಿದ್ರೆ ದೇವರು ಒಂದು ಹಕ್ಕಿ ಗರಿ ಕಿತ್ಕೋತಿದ್ದ. ಮೀನು ಹಿಡಿಯೋನ್ನ, ಕುರಿ ಕಾಯೋನ್ನ, ವೈದ್ಯನ್ನ ಯಾಕೆ ಹುಡುಕ್ಕೊಂಡು ಹೋಗ್ತಿದ್ದ? ಕುರಿ ಕಾಯೋನು ಬರೆದದ್ದು ಇವತ್ತಿಗೂ ಕುರಿ ವಾಸನೆ ಹೊಡೆಯುತ್ತೆ. ಮೂಸಿ ನೋಡಿ."

"ಹಾಗಾದ್ರೆ ಅದು ದೇವರ ಮಾತಲ್ಲ ಅಂತೀರಾ?" ದೊಡ್ಡಪ್ಪನ ಕುತ್ತಿಗೆ ಕೆಂಪಾಯಿತು.

"ಪೂರ್ತಿ ದೇವರ ಮಾತು. ಪೂರ್ತಿ ಅವರ ಮಾತೂ ಹೌದು. ಅರ್ಧ ಅರ್ಧ ಹಂಚಿಕೊಂಡದ್ದಲ್ಲ."

"ಮನುಷ್ಯನ ಮಾತು ಸೇರಿದ್ರೆ ತಪ್ಪೂ ಸೇರುತ್ತೆ ಪಾದ್ರಿಗಳೇ. ನಂಗೆ ಗೊತ್ತು, ದಿನಾ ಜನರನ್ನ ನೋಡ್ತೀನಿ."

"ಸೇರದ ಹಾಗೆ ದೇವರು ಕಾವಲು ಕಾದ. ಕಾಯೋದು ಬೇರೆ, ಕೈ ತಿರುಚಿ ಬರೆಸೋದು ಬೇರೆ. ನಮ್ಮ ದೇವರು ಯಾರ ಕೈಯನ್ನೂ ತಿರುಚಿದೋನಲ್ಲ. ಅವರ ಬುದ್ಧಿ, ಅವರ ಸಿಟ್ಟು, ಅವರ ಅಳು, ಎಲ್ಲಾ ಅವರದ್ದೇ ಆಗಿರೋಕೆ ಬಿಟ್ಟು ತನ್ನ ಮಾತು ಆಡಿಸ್ದ. ಅದಕ್ಕೇ ಬರೆದೋರೂ ಅದಕ್ಕೆ ಜವಾಬ್ದಾರರು. ನಾನು ಬರೀ ಪೆನ್ನು ಅಂತ ಅವರಲ್ಲಿ ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ. ಎಷ್ಟೋ ಜನ ಆ ಮಾತಿಗೋಸ್ಕರ ಏಟು ತಿಂದ್ರು, ಸತ್ರು."

ದೊಡ್ಡಪ್ಪ ಪುಸ್ತಕ ಮುಚ್ಚಿ ಎದ್ದುಬಿಟ್ಟ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಬಾಯಿ ಬಿಟ್ಟೆ. "ಪಾದ್ರಿಗಳು ಹೇಳಿದ್ದೇ ಸರಿ. ನೀನು ಪೆನ್ನಾದ್ರೆ ಊಟ ಯಾಕೆ ಮಾಡ್ತೀಯ ದೊಡ್ಡಪ್ಪ? ಶಾಯಿ ಕುಡಿ."

ದೊಡ್ಡಮ್ಮ ನಗಲು ಶುರುಮಾಡಿದ್ದಳು. ನಗು ಮುಗಿಯುವುದರೊಳಗೆ ಅವನ ಅಂಗೈ ನನ್ನ ಎಡಕಿವಿಯ ಮೇಲೆ ಬಿತ್ತು. ನಾನು ತಟ್ಟೆಯ ಮೇಲೆ ಬಿದ್ದು, ತಟ್ಟೆ ಸಮೇತ ಗೋಡೆಗೆ ಬಡಿದೆ. ತಲೆಯೊಳಗೆ ಶೀಟಿ ಊದಿದ ಹಾಗಾಯಿತು. ಕಿವಿಯಿಂದ ಬಿಸಿಯಾದದ್ದೇನೋ ಕುತ್ತಿಗೆಗಿಳಿದು ಲಂಗದ ತನಕ ಬಂತು. ದೊಡ್ಡಮ್ಮ ಕಿರುಚುತ್ತಿದ್ದದ್ದು ಅವಳ ಬಾಯಿ ನೋಡಿ ತಿಳಿಯಿತೇ ಹೊರತು ಕೇಳಿಸಲಿಲ್ಲ. ದೊಡ್ಡಪ್ಪ ಒದ್ದೆ ಬಟ್ಟೆ ತಂದು ಮಂಡಿಯೂರಿ ನನ್ನ ರಕ್ತ ಒರೆಸಿದ. ಬಲಕಿವಿಯ ಹತ್ತಿರ ಬಾಯಿಟ್ಟು ಹೇಳಿದ: "ಕೈ ಮುಂದಾಯ್ತು ಪುಟ್ಟಿ. ಬುದ್ಧಿ ಹಿಂದೆ ಉಳೀತು."

ಎಡಕಿವಿಯ ತಮಟೆ ಹರಿದಿತ್ತು. ಇವತ್ತಿಗೂ ಆ ಕಡೆಯಿಂದ ಮಾತಾಡಿದರೆ ನನಗೆ ಕೇಳುವುದಿಲ್ಲ. ಅವನು ನನ್ನನ್ನು ಹೊಡೆದದ್ದು ಅದೊಂದೇ ಸಲ. ಅವನನ್ನು ನಾನು ಕ್ಷಮಿಸಿದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಅವನು ಓದಿಸಿದ, ನಾನು ಓದಿದೆ, ನರ್ಸಾದೆ.

ಬಟ್ಟೆ ಅಂಗಡಿಯ ಮುದುಕಿ ಸತ್ತದ್ದು ಅವನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ. ಒಂಟಿ ಹೆಂಗಸು, ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದವಳು. ಯಾರೋ ಬಟ್ಟೆ ಅಳೆಯುವ ಕಬ್ಬಿಣದ ಗಜಕೋಲಿನಿಂದ ಅವಳ ತಲೆಗೆ ಏಳೆಂಟು ಏಟು ಹಾಕಿದ್ದರು. ನಮ್ಮ ಶವಾಗಾರಕ್ಕೆ ತಂದಾಗ ನಾನೂ ನೋಡಿದೆ. ಮುಖ ಯಾರದೆಂದು ಹೇಳುವ ಹಾಗಿರಲಿಲ್ಲ. ಬಾಗಿಲಿನ ಬೀಗ ಮಾತ್ರ ಒಡೆದಿರಲಿಲ್ಲ. ಕೀಲಿಯಿಂದ ತೆಗೆದು ಕೀಲಿಯಿಂದಲೇ ಹಾಕಿದ್ದರು. ಇಷ್ಟು ಸಾಕಲ್ಲ ಪೊಲೀಸರಿಗೆ? ಮೂರು ವಾರದ ಹಿಂದೆ ಆ ಬೀಗಕ್ಕೆ ಹೊಸ ಕೀಲಿ ಮಾಡಿಕೊಟ್ಟಿದ್ದ ಬೀಗ ರಿಪೇರಿಯವನನ್ನು ಮರುದಿನವೇ ಎಳೆದೊಯ್ದರು.

ನಮ್ಮಲ್ಲಿ ಕೊಲೆಗೆ ನೇಣು. ಠಾಣೆಯ ಹೇಳಿಕೆಯನ್ನು ಬರೆದವನು ಕೋರ್ಟಿಗೆ ಬಂದು ಪ್ರಮಾಣ ಮಾಡಿ, 'ಇದು ಇವನದೇ ಬಾಯಿಂದ ಬಂದದ್ದು' ಎಂದುಬಿಟ್ಟರೆ ನೇಣಿಗೆ ಬೇರೆ ಸಾಕ್ಷಿ ಬೇಕಿಲ್ಲ. ದೊಡ್ಡಪ್ಪ ಅದುವರೆಗೆ ಎಷ್ಟು ಸಲ ಹಾಗೆ ಅಂದಿದ್ದನೋ ಅವನೇ ಲೆಕ್ಕ ಇಟ್ಟಿರಲಿಲ್ಲ.

ಐದನೇ ದಿನ ಬೀಗದವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಬಂದರು. ಉದ್ದ ಕಾನ್‌ಸ್ಟೇಬಲ್ ಜೊತೆಗಿದ್ದ. ಗಾಯ ಕಟ್ಟಲು ನನ್ನ ಟೇಬಲ್ಲೇ ಸಿಕ್ಕಿತು. ಒಮ್ಮೆ ನಮ್ಮ ಮನೆಯ ಕಪಾಟಿನ ಕೀಲಿ ಕಳೆದಾಗ ಇದೇ ಮನುಷ್ಯ ಬಂದು, ಬೀಗಕ್ಕೆ ಕಿವಿಯಿಟ್ಟು, ಒಂದು ತಂತಿಯಲ್ಲಿ ತೆಗೆದುಕೊಟ್ಟು, ದೊಡ್ಡಮ್ಮ ಕೊಟ್ಟ ಚಹಾ ಕುಡಿದು ಹೋಗಿದ್ದ. ಈಗ ಅವನ ಬಲಗೈಯ ಮೂರು ಬೆರಳು ಹಿಂದಕ್ಕೆ ಮಡಚಿಕೊಂಡಿದ್ದವು. ಎರಡು ಉಗುರು ಇರಲಿಲ್ಲ. ಅಂಗಾಲು ಎರಡೂ ಊದಿ ಒಡೆದು, ನೀರು ಸೋರುತ್ತಿತ್ತು. ನಾನು ಬೆರಳನ್ನು ಎಳೆದು ಪಟ್ಟಿಗೆ ಕೂರಿಸುವಾಗ ಅವನು ಕಿರುಚಲಿಲ್ಲ. ಕಿರುಚುವುದಕ್ಕೆ ದನಿಯೇ ಉಳಿದಿರಲಿಲ್ಲ. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

"ಬರಿಯಮ್ಮ," ಎಂದ ಉದ್ದ ಕಾನ್‌ಸ್ಟೇಬಲ್, ರಿಜಿಸ್ಟರು ನನ್ನ ಕಡೆ ತಳ್ಳಿ. "ಠಾಣೆ ಮೆಟ್ಟಿಲಿಂದ ಜಾರಿ ಬಿದ್ದ."

ಆ ಠಾಣೆಗೆ ಒಂದೇ ಒಂದು ಮೆಟ್ಟಿಲಿಲ್ಲ. ಕಟ್ಟಡವೆಲ್ಲ ನೆಲಮಟ್ಟ. ಡಬ್ಬಿ ಹಿಡಿದು ಹತ್ತು ವರ್ಷ ಓಡಾಡಿದವಳಿಗೆ ಅದು ಗೊತ್ತಿಲ್ಲವೆ? ಗೊತ್ತಿತ್ತು. ಆದರೂ ಬರೆದೆ. ಅವನ ಸೊಂಟದಲ್ಲಿದ್ದ ಬೆಲ್ಟಿನ ತುಂಡು ನೋಡಿ ನನ್ನ ಜೋರು ಬಾಯಿ ಎಲ್ಲಿ ಹೋಯಿತೋ ಏನೋ.

ಹೊರಡುವಾಗ ಬೀಗದವನು ಪಿಸುಗುಟ್ಟಿದ. "ಅಕ್ಕ, ಈ ಬೆರಳು ಮಡಚುತ್ತಾ?"

"ಮಡಚುತ್ತೆ," ಎಂದೆ. ಅದೂ ಸುಳ್ಳು.

ವಿಚಾರಣೆಯ ದಿನ ನನ್ನನ್ನೂ ರಿಜಿಸ್ಟರಿನ ಜೊತೆ ಕರೆಸಿದರು. ಕೋರ್ಟಿನ ಬಾಗಿಲಲ್ಲಿ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬಗಲಲ್ಲಿ ಫೈಲು ಹಿಡಿದು ನಿಂತಿದ್ದ. ಮನೆಯಿಂದ ಒಟ್ಟಿಗೇ ಬಂದಿದ್ದೆವು, ಆದರೆ ದಾರಿಯಲ್ಲಿ ಕೇಸಿನ ಮಾತು ಒಬ್ಬರೂ ಎತ್ತಿರಲಿಲ್ಲ. ಬೀಗದವನನ್ನು ಇಬ್ಬರು ತೋಳು ಹಿಡಿದು ತಂದು ಕಟಕಟೆಯಲ್ಲಿ ನಿಲ್ಲಿಸಿದರು. ನಿಲ್ಲಲಾಗದೆ ಕಂಬಿ ತಬ್ಬಿಕೊಂಡ. ಗ್ಯಾಲರಿಯಲ್ಲಿ ಅವನ ತಾಯಿ ಇದ್ದಳು. ಮಗನ ಕಾಲನ್ನೇ ನೋಡುತ್ತಿದ್ದಳು.

ಮೊದಲು ನನ್ನ ಸರದಿ. ಆರೋಪಿಯ ಪರ ವಕೀಲೆ ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಹೆಂಗಸು. ರಿಜಿಸ್ಟರು ತೋರಿಸಿ ಕೇಳಿದಳು. "ಮೆಟ್ಟಿಲಿಂದ ಬಿದ್ದೋನಿಗೆ ಅಂಗಾಲು ಹೇಗಮ್ಮ ಒಡೆಯುತ್ತೆ? ಉಗುರು ಹೇಗೆ ಹೋಗುತ್ತೆ?"

"ನಂಗೆ ಗೊತ್ತಿಲ್ಲ. ಹೇಳಿದ್ದನ್ನ ಬರೆದೆ," ಎಂದೆ.

ಹಾಗಂದದ್ದು ನಾನೇ. ನನ್ನ ಒಂದೇ ಒಳ್ಳೆ ಕಿವಿಗೆ ನನ್ನದೇ ದನಿ ಚೆನ್ನಾಗಿ ಕೇಳಿಸಿತು. ಅಷ್ಟು ವರ್ಷ ಯಾರನ್ನು ಒಳಗೊಳಗೇ ಬೈಯುತ್ತಾ ಬಂದಿದ್ದೆನೋ ಅವನದೇ ಮಾತು ನನ್ನ ಬಾಯಿಂದ ಬಂದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸುತ್ತ ನೋಡಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ಬೀಗದವನನ್ನು ಬಿಟ್ಟು. ವಕೀಲೆ ಕೈಬೀಸಿ, "ಹೋಗಿ," ಎಂದಳು. ಬಂದು ಬೆಂಚಿನಲ್ಲಿ ಕೂತೆ.

ಆಮೇಲೆ ಸರ್ಕಾರಿ ವಕೀಲರು ಹೇಳಿಕೆ ಓದಿದರು. ಚೆಂದದ ಬರವಣಿಗೆ. ಕೀಲಿಯ ಅಚ್ಚು ಇಟ್ಟುಕೊಂಡದ್ದು, ಮುದುಕಿ ಮಲಗುವುದನ್ನು ಕಾದದ್ದು, ಒಳಗೆ ಹೋದದ್ದು, ಎಲ್ಲ ಒಂದರ ಹಿಂದೆ ಒಂದು. ಕೊನೆಗೆ ಬಂದಾಗ ವಕೀಲರು ದನಿ ಏರಿಸಿ ಓದಿದರು: "ಅವಳು ಎದ್ದು ನನ್ನನ್ನು ಬೈದಳು. ನಾನು ಗಜಕೋಲು ಎತ್ತಿದೆ. ನನ್ನ ಕೈ ಮುಂದಾಯಿತು, ಬುದ್ಧಿ ಹಿಂದೆ ಉಳಿಯಿತು."

ನನ್ನ ಎಡಕಿವಿಯಲ್ಲಿ ಮತ್ತೆ ಶೀಟಿ ಊದಿತು. ಕುರಿ ವಾಸನೆ ಎಂದು ಪಾದ್ರಿಗಳು ಹೇಳಿದ್ದರಲ್ಲ, ಆ ಹಾಳೆಯಿಂದ ನನಗೆ ಒದ್ದೆ ಬಟ್ಟೆಯ ವಾಸನೆ ಬಂತು. ದೊಡ್ಡಪ್ಪ ಕಿಟಕಿಯ ಕಡೆ ತಿರುಗಿ ಕೂತಿದ್ದ.

ಊಟದ ಬಿಡುವಿನ ಮೇಲೆ ಅವನ ಸಾಕ್ಷಿ. ಕೋರ್ಟಿನ ಮೆಟ್ಟಿಲಿನ ಅಡಿಯಲ್ಲಿ ಡಬ್ಬಿ ತೆಗೆಯುತ್ತಿದ್ದ ಅವನ ಎದುರು ಹೋಗಿ ನಿಂತೆ.

"ಅದು ಬೀಗದವನ ಮಾತಲ್ಲ. ನಿಂದು."

"ಯಾವುದು?"

"ಯಾವುದು ಅಂತ ನನ್ನ ಕೇಳಬೇಡ. ಇಲ್ಲಿ ಕೇಳು," ಎಂದು ಎಡಕಿವಿಯನ್ನು ಅವನ ಮುಖಕ್ಕೆ ತಿರುಗಿಸಿದೆ.

ಅವನ ಕೈ ಎದ್ದಿತು. ನಾನು ಅಲ್ಲಾಡಲಿಲ್ಲ; ಹೊಡೆದರೆ ಅಲ್ಲೇ ತಿರುಗಿ ಹೊಡೆಯುವುದೆಂದು ನಿಶ್ಚಯಿಸಿದ್ದೆ. ಕೈ ಹಾಗೇ ನಿಂತು ನಿಧಾನಕ್ಕೆ ಕೆಳಗೆ ಬಂತು. ಅವನು ಡಬ್ಬಿಯ ಮುಚ್ಚಳ ಹಾಕಿದ. ಮುಚ್ಚಳ ಸರಿಯಾಗಿ ಕೂರಲೇ ಇಲ್ಲ.

"ಕೊಲೆ ಮಾಡೋವಾಗ ಮನುಷ್ಯನಿಗೆ ಒಳಗೆ ಹೇಗಾಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದ. "ಇನ್‌ಸ್ಪೆಕ್ಟರ್ ಅದು ಹೇಳಿರ್ಲಿಲ್ಲ. ಆ ಜಾಗ ಖಾಲಿ ಇತ್ತು. ನಂಗೆ ಗೊತ್ತಿದ್ದದ್ದು ಒಂದೇ ಏಟು ಪುಟ್ಟಿ. ಅದನ್ನೇ ಬರೆದೆ."

"ಅವನು ಒಪ್ಕೊಂಡ್ನಾ?"

"ಮೂವತ್ತೊಂದು ವಾಕ್ಯ. ಮೂವತ್ತು ಹೌದು ಬೇಗ ಬಂತು. ಆ ಒಂದಕ್ಕೆ ಮಾತ್ರ ಅವನು ತಲೆ ಅಲ್ಲಾಡಿಸ್ತಾನೇ ಇದ್ದ. ಬೆರಳು ಹೋದದ್ದು ಅದಕ್ಕೇ."

"ಅವನು ನೇಣಿಗೆ ಹೋದ್ರೆ ನಿನ್ನ ವಾಕ್ಯ ಕುತ್ತಿಗೆಗೆ ಹಾಕ್ಕೊಂಡು ಹೋಗ್ತಾನೆ," ಎಂದೆ. "ಪೆನ್ನಂತೆ ಪೆನ್ನು. ನಾನೂ ಬೆಳಿಗ್ಗೆ ಪೆನ್ನಾದೆ. ಸಾಕು ದೊಡ್ಡಪ್ಪ, ಈ ಮನೇಲಿ ಇಬ್ಬರು ಬೇಡ."

ಅವನು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ.

ಸಾಕ್ಷಿಕಟ್ಟೆಯಲ್ಲಿ ಸತ್ಯವೇದ ತಂದಿಟ್ಟರು. ಎಷ್ಟೋ ಸಲ ಮುಟ್ಟಿದ ಪುಸ್ತಕ; ಅವತ್ತು ಅವನು ಕೈಯಿಡಲು ತಡಮಾಡಿದ. ಕೊನೆಗೆ ಶಾಯಿಯ ಗಂಟಿನ ಬಲಗೈ ಇಟ್ಟು ಪ್ರಮಾಣ ಹೇಳಿದ. ಸರ್ಕಾರಿ ವಕೀಲರು ರೂಢಿಯ ಪ್ರಶ್ನೆಯನ್ನು ರೂಢಿಯ ಹಾಗೆ ಕೇಳಿದರು. "ಇದು ಆರೋಪಿ ಸ್ವಂತ ಬಾಯಿಂದ ಹೇಳಿ, ನೀವು ಬರ್ಕೊಂಡ ಹೇಳಿಕೆ ತಾನೇ?"

"ಅಲ್ಲ," ಎಂದ ದೊಡ್ಡಪ್ಪ.

ವಕೀಲರು ಮುಂದಿನ ಹಾಳೆ ತಿರುವುತ್ತಿದ್ದವರು ನಿಂತರು. "ಏನಂದ್ರಿ?"

"ಅಕ್ಷರ ನಂದು. ಮಾತೂ ನಂದೇ. ಇವನದ್ದು ಇದರಲ್ಲಿ ಒಂದೂ ಇಲ್ಲ. ಇವನು ಅಂದದ್ದು ಹೌದು ಅಂತ ಮಾತ್ರ, ಮೂವತ್ತೊಂದು ಸಲ. ಅದೂ ಬೆಲ್ಟಿಗೆ ಅಂದದ್ದು, ನಂಗಲ್ಲ."

ಇನ್‌ಸ್ಪೆಕ್ಟರ್ ಎದ್ದು ನಿಂತರು. ನ್ಯಾಯಾಧೀಶರು ಅವರಿಗೆ ಕೂರಲು ಸನ್ನೆ ಮಾಡಿ, ಮುಂದಕ್ಕೆ ಬಾಗಿ, ಏನು ಹೇಳುತ್ತಿದ್ದೀರೆಂದು ಗೊತ್ತಿದೆಯೇ ಎಂದು ಕೇಳಿದರು. ಗೊತ್ತಿದೆ ಎಂದ. ಎಷ್ಟು ಏಟು, ಎಲ್ಲಿ, ಯಾವ ವಾಕ್ಯಕ್ಕೆ ಬೆರಳು ಮುರಿದದ್ದು, ಎಲ್ಲವನ್ನೂ ಹೇಳಿದ. ಅವನ ನೆನಪು ರೈಟರ ನೆನಪು, ಒಂದೂ ಬಿಟ್ಟಿರಲಿಲ್ಲ. ಗ್ಯಾಲರಿಯಲ್ಲಿ ಬೀಗದವನ ತಾಯಿ ಸೆರಗು ಬಾಯಿಗೆ ತುರುಕಿಕೊಂಡಳು. ಉದ್ದ ಕಾನ್‌ಸ್ಟೇಬಲ್ ಮಾತ್ರ ಬಾಗಿಲ ಹತ್ತಿರ ನಿಂತು ದೊಡ್ಡಪ್ಪನನ್ನು, ಅಳತೆ ತೆಗೆದುಕೊಳ್ಳುವ ದರ್ಜಿಯ ಹಾಗೆ, ಮೇಲಿಂದ ಕೆಳಗೆ ನೋಡುತ್ತಿದ್ದ.

"ಹಾಗಾದ್ರೆ ಕೊಲೆ ಇವನು ಮಾಡಿಲ್ಲ ಅಂತೀರಾ?" ಎಂದು ನ್ಯಾಯಾಧೀಶರು ಕೇಳಿದರು.

"ನಂಗೆ ಗೊತ್ತಿಲ್ಲ ಸ್ವಾಮಿ. ಈ ಹಾಳೆಯಿಂದ ಯಾರಿಗೂ ಗೊತ್ತಾಗಲ್ಲ, ಅಷ್ಟೇ."

ನಾನೂ ಆಗ ಎದ್ದು, ನನ್ನ ರಿಜಿಸ್ಟರೂ ಸುಳ್ಳು ಎನ್ನಬೇಕಿತ್ತು. ಬೆಂಚು ಹಿಡಿದುಕೊಂಡೆ, ಏಳಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಾಲ್ಕನೇ ದಿನ ನ್ಯಾಯಾಧೀಶರು ಆ ಹಾಳೆಯನ್ನು ತಳ್ಳಿಹಾಕಿ, ಬೇರೆ ಸಾಕ್ಷಿಯೇ ಇಲ್ಲವೆಂದು ಬೀಗದವನನ್ನು ಬಿಟ್ಟರು. ತಾಯಿ ಕೈಗಾಡಿ ತಂದು ಮಗನನ್ನು ಮನೆಗೆ ಕರೆದೊಯ್ದಳಂತೆ. ಮುದುಕಿಯನ್ನು ಕೊಂದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ದೊಡ್ಡಪ್ಪನನ್ನು ಕೆಲಸದಿಂದ ತೆಗೆದಿದ್ದರು. ಠಾಣೆಯ ಮೇಜಿನ ಡ್ರಾಯರಿನಲ್ಲಿ ಅವನ ಸ್ವಂತ ಸತ್ಯವೇದ ಉಳಿದಿತ್ತು. ಬಿಡುಗಡೆಯ ಸುದ್ದಿ ಬಂದ ಮಧ್ಯಾಹ್ನ, ಅದನ್ನು ತರುತ್ತೇನೆಂದು ಹೊರಟ. ದೊಡ್ಡಮ್ಮ ಬೇಡವೆಂದಳು. "ನೀರಿಗಿಳಿದ ಮೇಲೆ ಚಳಿಯೇನು?" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಮೂರು ಗಂಟೆಗೆ ಅವನನ್ನು ಆಸ್ಪತ್ರೆಗೆ ತಂದರು, ಬೀಗದವನನ್ನು ತಂದ ಹಾಗೇ. ನಾನು ಮೊದಲು ಅಂಗಿ ನೋಡಿ ಗುರುತು ಹಿಡಿದೆ. ಒಂದು ಕಣ್ಣು ಮುಚ್ಚಿಹೋಗಿತ್ತು. ಮುಂದಿನ ಹಲ್ಲು ನಾಲ್ಕು ಇರಲಿಲ್ಲ. ಎದೆಯ ಎಡಭಾಗ ಉಸಿರಿಗೆ ಏಳುತ್ತಲೇ ಇರಲಿಲ್ಲ, ಪಕ್ಕೆಲುಬು ಒಳಗೆ ಹೋಗಿತ್ತು. ಬಲಗೈ ಮಾತ್ರ ಬೇರೆಯೇ. ಮಣಿಕಟ್ಟಿನಿಂದ ಕೆಳಗೆ ಅದು ಕೈಯ ಹಾಗೆ ಕಾಣುತ್ತಲೇ ಇರಲಿಲ್ಲ. ನಡುಬೆರಳಿನ ಗಂಟು ಚರ್ಮದ ಸಮೇತ ಕಿತ್ತುಬಂದು ಬೆರಳಿನಿಂದ ತೂಗುತ್ತಿತ್ತು. ನಾನು ಎಷ್ಟು ಕೈ ಕಟ್ಟಿಲ್ಲ, ಎಷ್ಟು ರಕ್ತ ನೋಡಿಲ್ಲ? ಅವತ್ತು ಕತ್ತರಿ ಎರಡು ಸಲ ಕೈಯಿಂದ ಜಾರಿತು.

"ಬರಿಯಮ್ಮ," ಎಂದ ಉದ್ದ ಕಾನ್‌ಸ್ಟೇಬಲ್. ರಿಜಿಸ್ಟರನ್ನು ಅವನೇ ತೆಗೆದು ಮುಂದಿಟ್ಟ. "ಠಾಣೆ ಮೆಟ್ಟಿಲಿಂದ ಜಾರಿ ಬಿದ್ದ."

ನಾನು ಅವನ ಮುಖ ನೋಡಿದೆ. ನನಗೆ ಹೆದರಿಕೆಯಿತ್ತು, ಇಲ್ಲ ಅನ್ನುವುದಿಲ್ಲ. ಹೆದರಿಕೆಗಿಂತ ಸಿಟ್ಟು ಒಂದು ಕೂದಲು ಹೆಚ್ಚಿತ್ತು.

"ನಿಮ್ಮ ಠಾಣೆಗೆ ಮೆಟ್ಟಿಲೇ ಇಲ್ಲ," ಎಂದೆ. "ಮೊದಲು ಒಂದು ಕಟ್ಟಿಸಿ, ಆಮೇಲೆ ಬನ್ನಿ. ಹಿಂದೆ ಬರೆದದ್ದೂ ಸುಳ್ಳು, ಅದನ್ನೂ ಇವತ್ತೇ ಹೊಡೆದು ಹಾಕ್ತೀನಿ."

ಅವನು ಸೊಂಟಕ್ಕೆ ಕೈ ಹಾಕಿದ. ವಾರ್ಡಿನಲ್ಲಿ ನಲವತ್ತು ಜನ ರೋಗಿಗಳು, ಅವರ ಮನೆಯವರು, ಇಬ್ಬರು ಡಾಕ್ಟರು. ಎಲ್ಲರೂ ತಿರುಗಿ ನೋಡುತ್ತಿದ್ದರು. ಬೆಲ್ಟು ಹೊರಗೆ ಬರಲಿಲ್ಲ. "ನಿಂದೂ ದಿನ ಬರುತ್ತೆ," ಎಂದು ನನ್ನ ಎಡಕಿವಿಯ ಹತ್ತಿರ ಬಗ್ಗಿ ಹೇಳಿದನಂತೆ. ನನಗೆ ಕೇಳಿಸಲಿಲ್ಲ, ಪಕ್ಕದ ಹಾಸಿಗೆಯವಳು ಆಮೇಲೆ ಹೇಳಿದಳು. ಬಾಗಿಲಲ್ಲಿ ತಲೆ ಬಗ್ಗಿಸಿ ಅವನು ಹೊರಟುಹೋದ.

ನಾನು ಸ್ಟೂಲು ಎಳೆದುಕೊಂಡು ದೊಡ್ಡಪ್ಪನ ತಲೆಯ ಹತ್ತಿರ ಕೂತೆ. ಬಲಕಿವಿಯನ್ನು ಅವನ ಬಾಯಿಗೆ ಹಿಡಿದೆ. "ಏನಾಯ್ತು ಹೇಳು. ನಿನ್ನ ಮಾತಲ್ಲೇ ಹೇಳು."

ಅವನು ಹೇಳಿದ. ಹಲ್ಲಿಲ್ಲದ ಬಾಯಿಂದ, ನಡುವೆ ರಕ್ತ ಉಗುಳುತ್ತಾ, ನಿಧಾನಕ್ಕೆ. ನಾನು ಅದೇ ರಿಜಿಸ್ಟರಿನಲ್ಲಿ ಬರೆದೆ. ಸತ್ಯವೇದ ತರಲು ಹೋದದ್ದು. ಒಳಕೋಣೆಗೆ ಕರೆದದ್ದು. ನಾಲ್ಕು ಜನ ಇದ್ದದ್ದು. ಬೆಲ್ಟು ಸಾಲದೆ ಬೂಟುಗಾಲಲ್ಲಿ ಎದೆಗೆ ಒದ್ದದ್ದು. ಆಮೇಲೆ ಅವನದೇ ಮೇಜಿನ ಡ್ರಾಯರು ಎಳೆದು, ಬಲಗೈಯನ್ನು ಅದರೊಳಗೆ, ಪುಸ್ತಕದ ಮೇಲೆಯೇ ಇಡಿಸಿ, ಒದ್ದು ಒದ್ದು ಮುಚ್ಚಿದ್ದು. ಎಷ್ಟು ಸಲ ಎಂದು ಕೇಳಿದೆ. ಹನ್ನೊಂದು ಎಂದ. ಎಣಿಸಿದ್ದ, ರೈಟರಲ್ಲವೆ?

"ಓದು," ಎಂದ, ಬರೆದು ಮುಗಿದ ಮೇಲೆ.

ಒಂದೊಂದೇ ವಾಕ್ಯ ಓದಿದೆ. ಪ್ರತಿಯೊಂದಕ್ಕೂ ಅವನು ಉಳಿದ ಒಂದು ಕಣ್ಣು ಮುಚ್ಚಿ, "ಹೌದು," ಅಂದ. ಯಾರೂ ಅವನಿಗೆ ಹೊಡೆಯುತ್ತಿರಲಿಲ್ಲ. ನಾನು ಪೆನ್ನು ಎತ್ತಿ ಹಿಡಿದು ಕಾಯುತ್ತಿರಲಿಲ್ಲ. ನನಗೆ ಅಳು ಬರುತ್ತಿತ್ತು, ಅಳುತ್ತಲೇ ಓದಿದೆ.

"ಆ ನಾಲ್ಕು ಜನ ರಾಕ್ಷಸರು ನನ್ನನ್ನು ಹಿಡಿದುಕೊಂಡರು," ಎಂದು ಓದಿದಾಗ ಅವನು ಹೌದು ಎನ್ನಲಿಲ್ಲ. ತಲೆ ಅಲ್ಲಾಡಿಸಿದ. ನೋವಿಗೆ ಎಂದುಕೊಂಡು ಮತ್ತೆ ಓದಿದೆ. ಮತ್ತೆ ಅಲ್ಲಾಡಿಸಿದ.

"ಆ ಪದ ನಂದಲ್ಲ. ನಿಂದು."

"ಮತ್ತೆ ನೀನು ಏನಂದೆ?"

"ನನ್ನ ಜೊತೆ ಕೆಲಸ ಮಾಡೋರು ಅಂದೆ. ಹಾಗೇ ಬರಿ."

ನನಗೆ ಮನಸ್ಸಿರಲಿಲ್ಲ. ಆ ಪದಕ್ಕೆ ಅವರು ಲಾಯಕ್ಕಾದವರೇ. ಆದರೂ ಅದನ್ನು ಹೊಡೆದು, ಮೇಲೆ ಅವನ ಮಾತು ಬರೆದೆ. ಓದಿದೆ. ಅವನು ಹೌದು ಅಂದ. ಹೇಳಿದವನು ಎಂಬ ಜಾಗದಲ್ಲಿ ಸಹಿ ಬೇಕಿತ್ತು. ಅವನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡೆ. ಬರೆದವರು ಎಂಬ ಜಾಗ ಅದುವರೆಗಿನ ಎಲ್ಲ ಪುಟದಲ್ಲೂ ಖಾಲಿ ಬಿಡುತ್ತಿದ್ದೆವು. ಅಲ್ಲಿ ನನ್ನ ಹೆಸರು ಪೂರ್ತಿ ಬರೆದೆ.